ಹದಿನೇಳರ ಲೆಕ್ಕ

ಪತ್ರ: "ಕಳೆದ ಸಂಚಿಕೆಯಲ್ಲಿ ಹಾಯ್ಕು ಅಂತ ಹಾಕಿದ್ದ ಪದ್ಯವನ್ನು ಎಣಿಸಿದೆ. ಬರೀ 14 ಅಕ್ಷರ. ಜಪಾನಿನ ಈ ಪುಟ್ಟ ಪದ್ಯದ ಮೂರು ಸಾಲಿಗೆ 5-7-5ರ ಲೆಕ್ಕ ಎಲ್ಲಿ ಹೋಯಿತು? ಸಂಪಾದಕರು ಎಣಿಸುವುದಿಲ್ಲವೇ?"
ನಿವೃತ್ತ ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಬೆರಳು ಮಡಚಿ ಎಣಿಸಿದ್ದೀರಲ್ಲ, ಅಷ್ಟಕ್ಕೇ ನಮಸ್ಕಾರ. ಪದ್ಯಕ್ಕೊಂದು ಕಟ್ಟು ಬೇಕು, ಒಪ್ಪಿದೆ. ಆದರೆ ಜಪಾನಿನವರು ಎಣಿಸುವುದು ಅಕ್ಷರವನ್ನಲ್ಲ. ಅವರ ಲೆಕ್ಕ ನಮ್ಮ ಛಂದಸ್ಸಿನ ಮಾತ್ರೆಗೆ ಹತ್ತಿರ. ನಾವು ಟೋಕಿಯೊ ಅನ್ನುವ ಊರು ಅವರ ಬಾಯಲ್ಲಿ ‘ತೋಕ್ಯೋ’. ಅಕ್ಷರ ಎರಡು, ಲೆಕ್ಕಕ್ಕೆ ನಾಲ್ಕು. ಎರಡು ಗುರು ಅಂದುಕೊಳ್ಳಿ. ಜಪಾನಿಗೆ ಅವರದೇ ಹೆಸರು ‘ನಿಪ್ಪೊನ್’ ಕೂಡ ನಾಲ್ಕೇ. ಷಟ್ಪದಿಗೆ ಪ್ರಸ್ತಾರ ಹಾಕಿಸಿದ ನಿಮಗೆ ಇದನ್ನು ನಾನು ಹೇಳಬೇಕಾ? ಇನ್ನು ಹಾಯ್ಕುವಿನ ದೊಡ್ಡ ಕವಿ ಬಾಶೋ. ಒಣಕೊಂಬೆಯ ಮೇಲೆ ಕಾಗೆ ಕೂತ ಅವನ ಪದ್ಯವಿದೆಯಲ್ಲ, ಅದರ ನಡುವಿನ ಸಾಲಿಗೆ ಏಳಲ್ಲ, ಒಂಬತ್ತು. ಅವನನ್ನೂ ವಾಪಸ್ ಕಳಿಸೋಣವಾ?

ನನ್ನ ತಕರಾರು ಬೇರೆ. ನಾವು ಹಾಯ್ಕುವಿನ ಅಳತೆ ತಂದೆವು, ‘ಕುಕಾಯ್’ ತರಲಿಲ್ಲ. ಅದು ಹಾಯ್ಕು ಬರೆಯುವವರ ಕೂಟ. ಚೀಟಿಯಲ್ಲಿ ಪದ್ಯ ಬರೆದು ಹಾಕುತ್ತಾರೆ, ಹೆಸರಿಲ್ಲ. ಚೀಟಿ ಕಲಸಿ ಹಂಚಿ, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡುತ್ತಾರೆ. ಕೈಬರಹದ ಗುರುತೂ ಸಿಗಬಾರದು ನೋಡಿ! ಆಮೇಲೆ ಎಲ್ಲರೂ ತಮಗೆ ಹಿಡಿಸಿದ್ದನ್ನು ಆರಿಸುತ್ತಾರೆ. ಅದನ್ನು ಓದಿದಾಗಲೇ ಬರೆದವರು ತಮ್ಮ ಹೆಸರು ಹೇಳುವುದು. ಗುರುಗಳ ಚೀಟಿಯೂ ಅದೇ ರಾಶಿಯಲ್ಲಿ. ಹಾಯ್ಕು ಕವಿ ಶಿಕಿ ಹುಟ್ಟಿದ ಊರು ಮತ್ಸುಯಾಮಾದಲ್ಲಿ 1998ರಿಂದ ಹೈಸ್ಕೂಲು ಮಕ್ಕಳಿಗೆ ಹಾಯ್ಕು ಪಂದ್ಯವೇ ನಡೆಯುತ್ತದೆ. ಒಂದು ತಂಡದ ಪದ್ಯವನ್ನು ಇನ್ನೊಂದು ತಂಡ ಪ್ರಶ್ನೆ ಹಾಕಿ ಜಾಲಾಡುತ್ತದೆ. ತೀರ್ಪುಗಾರರು ಕೆಂಪು ಇಲ್ಲವೇ ಬಿಳಿ ಬಾವುಟ ಎತ್ತುತ್ತಾರೆ.

ನಮ್ಮ ಕವಿಗೋಷ್ಠಿ? ಆಹ್ವಾನಪತ್ರಿಕೆಯಲ್ಲಿ 40 ಹೆಸರು. ಅವರವರದ್ದು ಓದಿ, ಶಾಲು ಹೊದ್ದು, ಫೋಟೊ ತೆಗೆಸಿಕೊಂಡು ಬಸ್ಸು ಹಿಡಿಯುತ್ತಾರೆ. ಕೊನೆಯ ಪದ್ಯ ಕೇಳುವವನು ಮೈಕಿನ ಹುಡುಗ, ಅದೂ ವೈರು ಸುತ್ತುತ್ತಾ. ಪುಸ್ತಕ ವಿಮರ್ಶೆಯ ಕಥೆ ಬೇಡ ಬಿಡಿ. ಮೊದಲು ಹೆಸರು ನೋಡಿ, ಆಮೇಲೆ ಪದ್ಯ ನೋಡುವುದು ನಮಗೆ ಅಭ್ಯಾಸವಾಗಿ ಹೋಗಿದೆ.

ಹೋದ ಮಳೆಗಾಲ ನಮ್ಮ ಕಚೇರಿಯಲ್ಲಿ ಆರು ಜನ ಕೂತು ಕುಕಾಯ್ ಮಾಡಿದೆವು. ಕೈಬರಹ ಕಾಣದಂತೆ ಡಿಟಿಪಿ ಮಾಡುವಾಕೆ ಎಲ್ಲವನ್ನೂ ಟೈಪಿಸಿ ಕೊಟ್ಟರು. ನೀವು ಎಣಿಸಿದ ಆ 14 ಅಕ್ಷರದ ಪದ್ಯವನ್ನು ನಾಲ್ವರು ಆರಿಸಿದರು. ನಮ್ಮ ಪ್ರೂಫ್ ನೋಡುವವರು ನಾಚಿಕೊಂಡು ಹೆಸರು ಹೇಳಿದರು. ನನ್ನದನ್ನು ಒಬ್ಬರೂ ಆರಿಸಲಿಲ್ಲ. ಆರಿಸದ ಪದ್ಯ ಯಾರದ್ದು ಅಂತ ಯಾರೂ ಕೇಳುವುದಿಲ್ಲ, ಹಾಗಾಗಿ ಸುಮ್ನೆ ಟೀ ಕುಡಿದೆ. ಅದರಲ್ಲಿ ಸರಿಯಾಗಿ 17 ಅಕ್ಷರ ಇತ್ತು, ಮೇಷ್ಟ್ರೇ.