‘ಸಾವಿನ ಗಡಿಯಾರ’ ಬರೆದವರಿಗೆ

ನಮಸ್ಕಾರ.

ನೀವು ಕಳಿಸಿದ ‘ಸಾವಿನ ಗಡಿಯಾರ: ರಕ್ತಕಣ ಹೇಳುವ ಸತ್ಯ’ ಲೇಖನ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಒಮ್ಮೆ ಓದಿ ಪಕ್ಕಕ್ಕಿಡುವಂಥ ಬರಹವಾಗಿದ್ದರೆ ‘ಬಳಸಿಕೊಳ್ಳಲಾಗುತ್ತಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದೆ. ಇದನ್ನು ಮೂರು ಸಲ ಓದಿದೆ. ವಿಷಯ ಬಲ್ಲ ರೋಗಶಾಸ್ತ್ರಜ್ಞರೊಬ್ಬರಿಗೂ ಕೊಟ್ಟು ಓದಿಸಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ನಾಲ್ಕನೆಯ ಪುಟದಲ್ಲಿ ಆರು ಸಾಲುಗಳಿವೆ, ಅವನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಶವಾಗಾರದಿಂದ ಬಂದ ರಕ್ತದ ಹನಿಯೊಂದನ್ನು ಸ್ಲೈಡಿನ ಮೇಲಿಟ್ಟು ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿದಾಗ ನೀವು ಕಂಡದ್ದನ್ನು ಅಲ್ಲಿ ಬರೆದಿದ್ದೀರಿ. ನಡುವೆ ತಗ್ಗಿರುವ ನುಣುಪಾದ ಬಿಲ್ಲೆಗಳನ್ನು ಹುಡುಕುತ್ತಿದ್ದ ನಿಮಗೆ ಸಿಕ್ಕಿದ್ದು ‘ಮೈತುಂಬ ಮುಳ್ಳೆದ್ದ ಉಂಡೆಗಳು, ಯಾರೋ ನೆಗ್ಗಿಲುಕಾಯಿ ಚೆಲ್ಲಿದ ಹಾಗೆ’. ಓದುತ್ತಿದ್ದವನು ನಿಂತೆ. ಹತ್ತು ಪುಟದ ಲೇಖನದಲ್ಲಿ ನೀವು ನಿಮ್ಮ ಕಣ್ಣಿಂದ ನೋಡಿದ್ದು ಇದೊಂದೇ. ಉಳಿದದ್ದೆಲ್ಲ ಎಲ್ಲಿಂದಲೋ ಓದಿ ತಂದದ್ದು, ಅದರಲ್ಲಿ ಕೆಲವು ತಪ್ಪೂ ಹೌದು.

ಮೊದಲು ಮೊದಲ ಎರಡು ಪುಟಗಳ ಮಾತು. ಹುಟ್ಟಿದವರೆಲ್ಲ ಸಾಯಲೇಬೇಕು, ಸಾವು ಯಾರನ್ನೂ ಬಿಟ್ಟಿಲ್ಲ, ಸಾವಿನ ಮುಂದೆ ಅರಸನೂ ಒಂದೇ ಆಳೂ ಒಂದೇ: ಇದನ್ನು ಹೇಳಲು ವಿಧಿವಿಜ್ಞಾನ ಬೇಕಿಲ್ಲ. ಎರಡೂ ಪುಟ ಕಿತ್ತುಹಾಕಿ. ಓದುಗರು ಸಾವಿನ ಬಗ್ಗೆ ನಿಮಗಿಂತ ಕಡಿಮೆ ಯೋಚಿಸಿದವರಲ್ಲ. ಮುಳ್ಳೆದ್ದ ರಕ್ತಕಣವನ್ನು ಮಾತ್ರ ಅವರು ನೋಡಿರಲಾರರು.

ಮೂರನೆಯ ಪುಟದಲ್ಲಿ ‘ಉಸಿರು ನಿಂತ ಕ್ಷಣವೇ ಆಮ್ಲಜನಕವಿಲ್ಲದೆ ರಕ್ತಕಣಗಳು ಸಾಯುತ್ತವೆ’ ಎಂದಿದ್ದೀರಿ. ಇಲ್ಲೇ ಲೇಖನದ ಅಡಿಪಾಯ ಅಲುಗಾಡಿತು. ಆಮ್ಲಜನಕ ಹೊರುವುದೇ ಕಸುಬಾದ ಕೆಂಪು ರಕ್ತಕಣ ತನಗಾಗಿ ಅದರಲ್ಲಿ ಚೂರೂ ಬಳಸುವುದಿಲ್ಲ. ಅದರೊಳಗೆ ನ್ಯೂಕ್ಲಿಯಸ್ ಇಲ್ಲ, ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಇಲ್ಲ. ಗ್ಲೂಕೋಸನ್ನು ಆಮ್ಲಜನಕದ ಹಂಗಿಲ್ಲದೆ ಒಡೆದು ಎಟಿಪಿ ಎಂಬ ಶಕ್ತಿಯ ಚಿಲ್ಲರೆಯನ್ನು ಒಂದಿಷ್ಟು ಮಾಡಿಕೊಂಡು ಸುಮಾರು 120 ದಿನ ಬಾಳುತ್ತದೆ. ಹಾಗಾಗಿ ಹೃದಯ ನಿಂತ ಸುದ್ದಿ ಅದಕ್ಕೆ ತಲುಪುವುದೇ ತಡ. ಸುತ್ತಲಿನ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಸಕ್ಕರೆ ಇರುವಷ್ಟು ಹೊತ್ತು ಅದರ ದಿನಚರಿ ನಡೆದೇ ಇರುತ್ತದೆ.

ಇದಕ್ಕೆ ಒಂದು ಪುರಾವೆ ಇದೆ, ನಿಮ್ಮ ಕಣ್ಣಿಗೆ ಬಿದ್ದಿಲ್ಲವೆಂದು ಕಾಣುತ್ತದೆ. 1930ರ ಮಾರ್ಚ್‌ನಲ್ಲಿ ಮಾಸ್ಕೋದ ಸ್ಕ್ಲಿಫೊಸೊವ್‌ಸ್ಕಿ ಸಂಸ್ಥೆಯ ಶಸ್ತ್ರವೈದ್ಯ ಸೆರ್ಗೆಯ್ ಯೂದಿನ್, ರಕ್ತ ಕಳೆದುಕೊಂಡು ಸಾಯುತ್ತಿದ್ದ ರೋಗಿಯೊಬ್ಬನಿಗೆ ಕೆಲವು ತಾಸುಗಳ ಹಿಂದೆ ಸತ್ತಿದ್ದವನ ರಕ್ತ ಏರಿಸಿದರು. ರೋಗಿ ಬದುಕಿದ. ಹಠಾತ್ತನೆ ಸತ್ತವರ ರಕ್ತ ಹಲವು ಸಲ ಹೆಪ್ಪುಗಟ್ಟಿದರೂ ತಾನೇ ಮತ್ತೆ ಕರಗಿ ದ್ರವವಾಗಿ ಉಳಿಯುತ್ತದೆ, ಅದೂ ಅವರಿಗೆ ಅನುಕೂಲವಾಯಿತು. ಆಮೇಲೆ ಅಲ್ಲಿ ಇದು ವರ್ಷಗಟ್ಟಲೆ ನಡೆಯಿತು. ‘ಕ್ಷಣವೇ ಸಾಯುತ್ತವೆ’ ಎಂಬ ನಿಮ್ಮ ವಾಕ್ಯವನ್ನು ಈ ಸಂಗತಿಯ ಪಕ್ಕದಲ್ಲಿಟ್ಟು ನೋಡಿ. ಮನುಷ್ಯ ಸತ್ತಿದ್ದಾನೆ, ಅವನ ರಕ್ತ ಇನ್ನೊಬ್ಬನ ಮೈಯಲ್ಲಿ ಕೆಲಸಕ್ಕೆ ಹತ್ತಿದೆ. ಇದು ನಿಮ್ಮ ಲೇಖನದ ಮೊದಲ ಪುಟದಲ್ಲಿ ಇರಬೇಕಾದದ್ದು, ಸ್ವಾಮಿ.

ಹಾಗಾದರೆ ಕಣವನ್ನು ಸುತ್ತಿದ ಪೊರೆ ಕೆಡುವುದು ಹೇಗೆ? ‘ಪೊರೆಯ ವಿಘಟನೆಯುಂಟಾಗುತ್ತದೆ’ ಎಂದು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ಕತೆಯೆಲ್ಲ ಇರುವುದು ನೀವು ದಾಟಿದ ಆ ಹಳ್ಳದಲ್ಲೇ. ಕಣದ ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 100 ಮಿಲಿಮೋಲ್, ಹೊರಗಿನ ಪ್ಲಾಸ್ಮಾದಲ್ಲಿ ನಾಲ್ಕರ ಆಸುಪಾಸು. ಈ ಅಂತರ ತಾನಾಗಿ ಉಳಿಯುವುದಿಲ್ಲ. ಪೊರೆಯಲ್ಲಿ ಕೂತ ಪಂಪು ಒಂದೊಂದು ಎಟಿಪಿಗೆ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತ ಅದನ್ನು ಕಾಯುತ್ತದೆ. ಸೋರುವ ದೋಣಿಯ ನೀರನ್ನು ಮೊಗೆಮೊಗೆದು ಚೆಲ್ಲುವ ಅಂಬಿಗನ ಕೆಲಸ. ಸಕ್ಕರೆ ತೀರಿತು, ಎಟಿಪಿ ಇಳಿಯಿತು, ಅಂಬಿಗನ ಕೈ ಸೋತಿತು. ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೆ ನೀರು.

ಪೊರೆಯೆಂದರೆ ಬರಿಯ ಜಿಡ್ಡಿನ ಚೀಲವಲ್ಲ ಎಂಬುದನ್ನೂ ಹೇಳಬೇಕಿತ್ತು. ಎರಡು ಪದರದ ಆ ಜಿಡ್ಡಿಗೆ ಒಳಗಡೆಯಿಂದ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ ಆನಿಕೆ ಕೊಟ್ಟಿದೆ. ಏಳೂವರೆ ಮೈಕ್ರೋಮೀಟರ್ ಅಗಲದ ಬಿಲ್ಲೆ ತನಗಿಂತ ಕಿರಿದಾದ ಲೋಮನಾಳದಲ್ಲಿ ಮಡಚಿಕೊಂಡು ನುಸುಳಿ, ಆಚೆ ಬಂದು ಮತ್ತೆ ಬಿಲ್ಲೆಯಾಗುವುದು ಈ ಬಲೆಯ ದಯೆಯಿಂದ. ಎರಡು ಪದರಗಳೂ ಒಂದೇ ಥರದವಲ್ಲ: ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬು ಒಳಪದರದಲ್ಲೇ ಇರಬೇಕು, ಹೊರಗೆ ಜಾರಿದ್ದನ್ನು ಒಳಕ್ಕೆ ತಿರುಗಿಸಿಡಲೂ ಎಟಿಪಿಯೇ ಬೇಕು. ಎಟಿಪಿ ತೀರಿದ ಮೇಲೆ ಒಳಗಿನದು ಹೊರಗೆ, ಹೊರಗಿನದು ಒಳಗೆ. ಬಲೆ ಬಿಗಿಯುತ್ತದೆ, ಅಂಚಿನಲ್ಲಿ ಮುಳ್ಳೇಳುತ್ತವೆ, ಮುಳ್ಳಿನ ತುದಿಯಿಂದ ಪೊರೆಯ ಸಣ್ಣ ಗುಳ್ಳೆಗಳು ಕಳಚಿ ಬೀಳುತ್ತವೆ. ಪೊರೆ ಕಮ್ಮಿಯಾಗಿ ನೀರು ಹೆಚ್ಚಾದರೆ ಬಿಲ್ಲೆ ಚೆಂಡಾಗದೆ ವಿಧಿಯಿಲ್ಲ. ಚೆಂಡಿಗೆ ಉಬ್ಬಲು ಜಾಗವಿಲ್ಲ. ಒಡೆಯುತ್ತದೆ, ಹಿಮೋಗ್ಲೋಬಿನ್ ಹೊರಬರುತ್ತದೆ, ಹಿಂದೆ ಉಳಿಯುವುದು ಬಣ್ಣಗೆಟ್ಟ ಖಾಲಿ ಪೊರೆ. ಲ್ಯಾಬಿನವರು ಅದಕ್ಕೆ ‘ಭೂತ’ ಎನ್ನುತ್ತಾರೆ. ಲ್ಯಾಬಿನಲ್ಲೇ ಇರುವ ನೀವು ಈ ಮಾತನ್ನು ಬಳಸದೆ ‘ವರ್ಣರಹಿತ ಕಣಾವಶೇಷ’ ಎಂದು ಬರೆದಿದ್ದೀರಲ್ಲ, ಯಾರಿಗೆ ಹೆದರಿ?

ಈ ಪೊರೆ ನಿಮ್ಮ ಲೇಖನದಲ್ಲಿ ಮೈಕ್ರೋಸ್ಕೋಪಿನ ಒಳಗೇ ಉಳಿದುಬಿಟ್ಟಿದೆ. ಅದು ಒಡೆದದ್ದು ಬರಿಗಣ್ಣಿಗೂ ಕಾಣುತ್ತದೆ. ರಕ್ತ ತಗ್ಗಿನ ಕಡೆ ಇಳಿದು ಚರ್ಮದಲ್ಲಿ ನೇರಳೆ ಕಲೆ ಮೂಡುತ್ತದೆ. ಮೊದಮೊದಲು ಹೆಬ್ಬೆರಳಲ್ಲಿ ಒತ್ತಿದರೆ ಬೆಳ್ಳಗಾಗುತ್ತದೆ, ಹೆಣ ಮಗ್ಗುಲು ಬದಲಿಸಿದರೆ ಕಲೆಯೂ ಜಾಗ ಬದಲಿಸುತ್ತದೆ. ಹಲವು ತಾಸು ಕಳೆದ ಮೇಲೆ ಒತ್ತಿದರೂ ಹೋಗದು. ಹಾಗೆ ಕಚ್ಚಿಕೊಳ್ಳುವುದಕ್ಕೆ, ಕಣಗಳು ಒತ್ತೊತ್ತಾಗಿ ಕೂಡುವುದರ ಜೊತೆಗೆ, ಒಡೆದ ಕಣಗಳ ಬಣ್ಣ ನಾಳದ ಗೋಡೆ ದಾಟಿ ಅಂಗಾಂಶಕ್ಕೆ ಇಳಿಯುವುದೂ ಒಂದು ಕಾರಣ. ಮಹಾಪಧಮನಿಯ ಒಳಮೈ ಕೆಂಪಾಗಿ ಕಾಣುವುದೂ ಹೀಗೆಯೇ. ಹೊಸಬರು ಅದನ್ನು ಉರಿಯೂತ ಎಂದುಕೊಳ್ಳುವುದುಂಟಂತೆ, ನಮ್ಮ ರೋಗಶಾಸ್ತ್ರಜ್ಞರು ನಕ್ಕು ಹೇಳಿದರು. ಇನ್ನೂ ತಡವಾದರೆ ಬ್ಯಾಕ್ಟೀರಿಯಾ ಉಂಟುಮಾಡಿದ ಹೈಡ್ರೋಜನ್ ಸಲ್ಫೈಡ್ ಈ ಹಿಮೋಗ್ಲೋಬಿನ್ ಜೊತೆ ಸೇರಿ ಚರ್ಮದಡಿಯ ರಕ್ತನಾಳಗಳ ದಾರಿಯನ್ನೇ ಹಸಿರು-ಕಪ್ಪು ಗೆರೆಗಳಲ್ಲಿ ಬರೆದು ತೋರಿಸುತ್ತದೆ. ಪೊರೆಯಿಂದ ಹೊರಟು ಇಲ್ಲಿಗೆ ಬನ್ನಿ. ಓದುಗರು ತಾವಾಗಿ ಹಿಂದೆ ಬರುತ್ತಾರೆ.

ಈಗ ಶೀರ್ಷಿಕೆ. ಗಡಿಯಾರವನ್ನು ಬಿಡಿ ಎಂದು ಕೇಳುತ್ತಿಲ್ಲ, ಬಿಡಲೇಬೇಕು ಎನ್ನುತ್ತಿದ್ದೇನೆ. ‘ರಕ್ತಕಣದ ಪೊರೆಯನ್ನು ನೋಡಿ ಸಾವಿನ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳಬಹುದು’ ಎಂಬ ವಾಕ್ಯ ಅಚ್ಚಾದರೆ ನಾಳೆ ಯಾವುದೋ ಕೋರ್ಟಿನಲ್ಲಿ ಯಾರೋ ಅದನ್ನು ಹಿಡಿದು ನಿಲ್ಲುತ್ತಾರೆ. ಇದೇ ಕಣ ಸರಿಯಾದ ದ್ರಾವಣದಲ್ಲಿ, ರಕ್ತನಿಧಿಯ ತಂಪಿನಲ್ಲಿ 42 ದಿನದವರೆಗೂ ಬಳಕೆಗೆ ಯೋಗ್ಯ. ಬಿಸಿಲಲ್ಲಿ ಬಿದ್ದ ದೇಹದಲ್ಲಿ ಅದರ ಪಾಡು ಬೇರೆ. ಬಿಸಿ, ಸತ್ತವರಿಗಿದ್ದ ಕಾಯಿಲೆ, ಬ್ಯಾಕ್ಟೀರಿಯಾ, ಮೈಮೇಲಿನ ಬಟ್ಟೆ, ಎಲ್ಲದಕ್ಕೂ ಅದು ಬಗ್ಗುತ್ತದೆ. ಕರಗುವ ಮಂಜುಗಡ್ಡೆಯನ್ನು ನೋಡಿ ಹೊತ್ತು ಹೇಳಿದ ಹಾಗಾಗುತ್ತದೆ.

ಒಂದು ಲೆಕ್ಕ ನೀವೇ ಮಾಡಿ. ಸತ್ತ ಮೇಲೆ ರಕ್ತದ ಪೊಟ್ಯಾಸಿಯಂ ಬಲು ಬೇಗ, ಅಂಕೆಯಿಲ್ಲದೆ ಏರುವುದರಿಂದ ತಜ್ಞರು ಅದನ್ನು ಬಿಟ್ಟು ಕಣ್ಣಿನೊಳಗಿನ ಲೋಳೆಯಂಥ ದ್ರವಕ್ಕೆ, ವಿಟ್ರಿಯಸ್‌ಗೆ ಹೋದರು. ಅಲ್ಲಿ ಏರಿಕೆ ನಿಧಾನ, ಹೆಚ್ಚುಕಡಿಮೆ ಸಮಗತಿ. 1960ರ ದಶಕದಲ್ಲಿ ಸ್ಟರ್ನರ್ ಕೊಟ್ಟ ಸೂತ್ರ: ಪೊಟ್ಯಾಸಿಯಂ ಮಟ್ಟವನ್ನು 7.14ರಿಂದ ಗುಣಿಸಿ 39.1 ಕಳೆಯಿರಿ, ಬಂದದ್ದು ಸತ್ತು ಕಳೆದ ತಾಸುಗಳು. 1989ರಲ್ಲಿ ಮಾಡೆಯಾ ಮತ್ತು ಸಂಗಡಿಗರು ಕೊಟ್ಟದ್ದು: 5.26ರಿಂದ ಗುಣಿಸಿ 30.9 ಕಳೆಯಿರಿ. ಪೊಟ್ಯಾಸಿಯಂ ಲೀಟರಿಗೆ 10 ಮಿಲಿಮೋಲ್ ಇದೆ ಎನ್ನೋಣ. ಮೊದಲ ಸೂತ್ರಕ್ಕೆ 32.3 ತಾಸು, ಎರಡನೆಯದಕ್ಕೆ 21.7. ಒಂದೇ ಕಣ್ಣು, ಒಂದೇ ಅಂಕಿ, ನಡುವೆ ಹತ್ತೂವರೆ ತಾಸಿಗೂ ಮಿಕ್ಕ ಅಂತರ. ಅಷ್ಟು ಹೊತ್ತಿನಲ್ಲಿ ಆರೋಪಿ ಊರು ಬಿಟ್ಟು ಊರು ಸೇರಿ ಮಲಗೆದ್ದಿರಬಹುದು. ನಂಬಿಕಸ್ಥ ದ್ರವದ್ದೇ ಈ ಗತಿಯಾದರೆ ರಕ್ತಕಣದಿಂದ ನಿಮಿಷ ಎಲ್ಲಿಂದ ತರುತ್ತೀರಿ? ‘ಇಷ್ಟರಿಂದ ಇಷ್ಟು ತಾಸಿನ ನಡುವೆ ಇರಬಹುದು’ ಎಂದು ಬರೆಯುವುದು ಅವಮಾನವಲ್ಲ.

ರಕ್ತದ ಗುಂಪಿನ ಭಾಗವನ್ನೂ ತಿದ್ದಬೇಕು. ‘ಪೊರೆ ಒಡೆದ ಮೇಲೆ ರಕ್ತದ ಗುಂಪು ತಿಳಿಯುವ ದಾರಿಯಿಲ್ಲ’ ಎಂದಿದ್ದೀರಿ. 1901ರಲ್ಲಿ ಲ್ಯಾಂಡ್‌ಸ್ಟೈನರ್ ತೋರಿಸಿಕೊಟ್ಟ ಎ, ಬಿ ಗುರುತುಗಳು ಪೊರೆಯ ಮೇಲಿನ ಸಕ್ಕರೆಯ ಕುಡಿಗಳು. ಕಣ ಒಡೆದರೂ ಪೊರೆಯ ಚೂರುಗಳಿಗೆ ಅವು ಅಂಟಿಕೊಂಡೇ ಇರುತ್ತವೆ. ಒಣಗಿದ ಕಲೆಗೆ ಆ ಗುರುತಿಗೆ ಅಂಟುವ ಆಂಟಿಬಾಡಿ ಹಿಡಿಸಿ, ತೊಳೆದು, ಬಿಸಿಮಾಡಿ ಬಿಡಿಸಿಕೊಂಡು ಪರೀಕ್ಷಿಸುವ ವಿಧಾನ ಡಿಎನ್‌ಎ ಬರುವವರೆಗೆ ಪ್ರಯೋಗಾಲಯಗಳ ನಿತ್ಯದ ಕೆಲಸವಾಗಿತ್ತು. ನಿಜವಾದ ತೊಡಕು ಬೇರೆ, ಅದು ನಿಮ್ಮದಕ್ಕಿಂತ ಸ್ವಾರಸ್ಯದ್ದು: ಕೆಲವು ಬ್ಯಾಕ್ಟೀರಿಯಾದ ಕಿಣ್ವ ಎ ಗುಂಪಿನ ಸಕ್ಕರೆಯಿಂದ ಅಸಿಟೈಲ್ ತುಂಡನ್ನು ಕತ್ತರಿಸಿದರೆ ಅದು ಬಿ ಗುಂಪಿನ ಸಕ್ಕರೆಯನ್ನು ಹೋಲತೊಡಗುತ್ತದೆ. ಕೊಳೆತ ರಕ್ತ ಎ ಆಗಿದ್ದೂ ಎಬಿ ಎಂದು ಸುಳ್ಳು ಹೇಳಬಹುದು. ‘ಕೆಂಪು ಕಣದ ಡಿಎನ್‌ಎ’ ಎಂದು ಎರಡು ಕಡೆ ಬಂದಿದೆ, ನ್ಯೂಕ್ಲಿಯಸ್ಸೇ ಇಲ್ಲದ ಕಣಕ್ಕೆ ಅದು ಎಲ್ಲಿಯದು? ಬಿಳಿ ರಕ್ತಕಣ ಎಂದು ತಿದ್ದಿ.

‘ಕೆಲವೇ ದಿನಗಳಲ್ಲಿ ಎಲ್ಲ ಕಣಗಳೂ ನಾಮಾವಶೇಷವಾಗುತ್ತವೆ’ ಎಂಬುದಕ್ಕೂ ಒಂದು ಪ್ರತಿಸಾಕ್ಷಿ ಇದೆ. 1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಸಿಕ್ಕ ಸುಮಾರು 5300 ವರ್ಷ ಹಿಂದಿನ ಮನುಷ್ಯ, ಓಟ್ಜಿ. ಅವನ ಗಾಯದ ಅಂಗಾಂಶದಲ್ಲಿ ಬಿಲ್ಲೆಯಾಕಾರದ ಕೆಂಪು ರಕ್ತಕಣಗಳನ್ನು ಕಂಡದ್ದಾಗಿ 2012ರಲ್ಲಿ ವರದಿಯಾಯಿತು. ಒಣಗಿ ಹೆಪ್ಪಾದ ಕಣಕ್ಕೆ ನೀರಿನ ಕಾಟವಿಲ್ಲ. ಒಂದು ಕಡೆ ತಾಸುಗಳಲ್ಲಿ ಒಡೆಯುವ ಪೊರೆ, ಇನ್ನೊಂದು ಕಡೆ ಐದು ಸಾವಿರ ವರ್ಷ ಆಕಾರ ಬಿಡದ ಪೊರೆ: ಶೀರ್ಷಿಕೆಯ ಗಡಿಯಾರಕ್ಕೆ ಇನ್ನೆಂಥ ಉತ್ತರ ಬೇಕು?

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಪರೀಕ್ಷೆಗೆ ಒಳಪಡಿಸಲಾಗುತ್ತದೆ’, ‘ಗಮನಿಸಲಾಗಿದೆ’, ‘ಕಂಡುಕೊಳ್ಳಲಾಯಿತು’. ಎಣಿಸಿದೆ, 38 ‘ಲಾಗು’ಗಳು. ಯಾರು ಪರೀಕ್ಷಿಸಿದರು, ಯಾರು ಕಂಡರು ಎಂದು ಬರೆದರೆ ಅರ್ಧ ಸರಿಹೋಗುತ್ತದೆ. ‘ಲೋಹಿತಕಣಾವರಣ’ ಬೇಡ, ‘ರಕ್ತಕಣದ ಪೊರೆ’ ಸಾಕು. ‘ಅಧ್ಯಯನಗಳು ಹೇಳುತ್ತವೆ’ ಎಂದಲ್ಲೆಲ್ಲ ಯಾವ ಅಧ್ಯಯನ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದೇನೆ. ಉತ್ತರ ಇಲ್ಲದ ಕಡೆ ವಾಕ್ಯ ಹೊಡೆದುಹಾಕಿ.

ಏಳನೆಯ ಪುಟದ ಪ್ರಕರಣವನ್ನು ಮಾತ್ರ ಯಾವ ಚರ್ಚೆಯೂ ಇಲ್ಲದೆ ತೆಗೆಯಿರಿ. ಹೆಸರು ಬರೆದಿಲ್ಲ ನಿಜ. ಆದರೆ ವಯಸ್ಸು, ಉದ್ಯೋಗ, ಸಿಕ್ಕ ಜಾಗ, ಮೈಮೇಲಿದ್ದ ಬಟ್ಟೆಯ ಬಣ್ಣ ಎಲ್ಲ ಬರೆದಿದ್ದೀರಿ. ಅವರ ಮನೆಯವರು ಓದಿದರೆ ಮೂರನೆಯ ಸಾಲಿಗೇ ಗುರುತು ಹತ್ತುತ್ತದೆ.

ಸಾವಿರದ ಇನ್ನೂರು ಪದದೊಳಗೆ ತಿರುಗಿ ಬರೆಯಿರಿ, ಮುಳ್ಳೆದ್ದ ಕಣದಿಂದಲೇ ಶುರುಮಾಡಿ. ಆದರೆ ಬರೆಯಲು ಕೂರುವ ಮುಂಚೆ ಒಂದು ಕೆಲಸವಿದೆ. ಆರೋಗ್ಯವಂತರ ರಕ್ತದಲ್ಲೂ ಗಾಜಿನ ಸಂಪರ್ಕದಿಂದಲೇ ಕಣಗಳಿಗೆ ಮುಳ್ಳೇಳುವುದುಂಟು, ಸ್ಲೈಡು ನಿಧಾನವಾಗಿ ಒಣಗಿದರೂ ಏಳುವುದುಂಟು. ನೀವು ಕಂಡ ಮುಳ್ಳು ಸಾವು ಎಬ್ಬಿಸಿದ್ದೋ, ಗಾಜು ಎಬ್ಬಿಸಿದ್ದೋ? ಆ ಹನಿ ನಿಮ್ಮ ಕೈಗೆ ಬಂದಾಗ ಎಷ್ಟು ಹೊತ್ತಾಗಿತ್ತು, ಅಷ್ಟು ಹೊತ್ತೂ ಎಲ್ಲಿತ್ತು, ಎಷ್ಟು ತಂಪಿನಲ್ಲಿ? ನಿಮ್ಮ ಬೆರಳಿನ ಒಂದು ಹನಿಯನ್ನು ಅದೇ ಥರದ ಸ್ಲೈಡಿನ ಮೇಲಿಟ್ಟು, ಅದೇ ಮೈಕ್ರೋಸ್ಕೋಪಿನಲ್ಲಿ ಅಷ್ಟೇ ಹೊತ್ತು ಬಿಟ್ಟು ನೋಡಿ. ಅಲ್ಲೂ ನೆಗ್ಗಿಲುಕಾಯಿ ಕಂಡರೆ ಅದನ್ನೂ ಬರೆದು ಕಳಿಸಿ.

ಇಂತಿ,
ಸಂಪಾದಕ