'ವದರಿಂಗ್ ಹೈಟ್ಸ್': ಯಾವ ಕ್ಯಾಥರೀನ್ ಎಂಬ ಗೊಂದಲ
ಎಮಿಲಿ ಬ್ರಾಂಟೆಯ ಈ ಕಾದಂಬರಿ ಓದುತ್ತಾ, ಮೂರನೇ ಅಧ್ಯಾಯದಲ್ಲಿ ಯಾವ ಕ್ಯಾಥರೀನ್ ಎಂದು ತಿಳಿಯದೆ ನಿಲ್ಲಿಸಿದೆ ಅಂದಿದ್ದೀರಿ. ಬಹುಶಃ ಕಾರಣ ಇದು: ತಾಯಿ, ಮಗಳು ಇಬ್ಬರಿಗೂ ಅದೇ ಹೆಸರು. ಜೊತೆಗೆ ಕಥೆ 1801ರಲ್ಲಿ, ಬಹುಪಾಲು ಘಟನೆಗಳು ಮುಗಿದ ಮೇಲೆ ಶುರುವಾಗುತ್ತದೆ. ಕಿಟಕಿ ಬಳಿ ಗೀಚಿದ ಹೆಸರು ತಾಯಿಯದು, ನಿರೂಪಕ ಲಾಕ್‌ವುಡ್‌ನ ಕನಸಿನಲ್ಲಿ ಬರುವವಳೂ ತಾಯಿಯೇ. ಮನೆಯಲ್ಲಿರುವ ಹುಡುಗಿ ಮಗಳು.

ಒಂದು ಹಾಳೆಯಲ್ಲಿ ಅರ್ನ್‌ಷಾ (ತಾಯಿಯ ತವರು), ಲಿಂಟನ್ (ಅವಳ ಗಂಡನ ಮನೆ) ಎಂದು ಎರಡು ಮನೆತನ ಬರೆಯಿರಿ. ಅರ್ನ್‌ಷಾ ಮನೆಯಲ್ಲಿ ಬೆಳೆದ ಅನಾಥ ಹೀತ್‌ಕ್ಲಿಫ್ ಎರಡರಿಂದಲೂ ಹೊರಗೆ. ನಾಲ್ಕನೇ ಅಧ್ಯಾಯದಿಂದ ಮನೆಗೆಲಸದ ನೆಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳುತ್ತಾಳೆ, ಸುಮ್ನೆ ಓದುತ್ತಾ ಹೋಗಿ. 16ನೇ ಅಧ್ಯಾಯದಲ್ಲಿ ಮಗಳು ಹುಟ್ಟುತ್ತಾಳೆ, ಅಲ್ಲಿ ಗೆರೆ ಎಳೆಯಿರಿ. ನಿಮ್ಮದು ಎರಡು ಸಂಪುಟದ ಪ್ರತಿಯಾದರೆ ಅಧ್ಯಾಯದ ಸಂಖ್ಯೆ ಬೇರೆ ಇರಬಹುದು.

ತಾಯಿಯ ಗಂಡ ಎಡ್ಗರ್ ಲಿಂಟನ್ ಅವಳನ್ನು ಎಂದೂ 'ಕ್ಯಾಥಿ' ಎಂದು ಮೊಟಕಾಗಿ ಕರೆಯುವುದಿಲ್ಲ. ಹಾಗೆ ಕರೆಯುತ್ತಿದ್ದವನು ಹೀತ್‌ಕ್ಲಿಫ್. ಎಷ್ಟು ನೋವಿನ ವಿವರ ಅಲ್ವಾ? ಎಡ್ಗರ್ ಬಾಯಲ್ಲಿ 'ಕ್ಯಾಥಿ' ಬಂದರೆ ಅದು ಮಗಳೇ.