ರೀಶಿ ಅಣಬೆ ಮತ್ತು ವಾರ್ಫರಿನ್: ವಸಡಿನ ರಕ್ತಸ್ರಾವ

ವಾರ್ಫರಿನ್ ಸೇವಿಸುವ ನಿಮ್ಮ ತಂದೆಯವರಿಗೆ ರೀಶಿ ಅಣಬೆಯ ಕ್ಯಾಪ್ಸೂಲ್ ಆರಂಭಿಸಿದ ಮೇಲೆ ವಸಡಿನಿಂದ ರಕ್ತ ಬರುತ್ತಿದೆ ಎಂದರೆ, ಇವೆರಡೂ ಒಟ್ಟಿಗೆ ಸೇರಿದ್ದೇ ಕಾರಣವಾಗಿರಬಹುದು. ವಾರ್ಫರಿನ್ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುತ್ತದೆ; ರೀಶಿಯ ಕೆಲವು ಅಂಶಗಳು ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೂ ವಸಡಿನ ಸೋಂಕು ಅಥವಾ ವಾರ್ಫರಿನ್ ಪ್ರಮಾಣದ ಏರುಪೇರೂ ಕಾರಣವಾಗಿರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು.

ಮೊದಲು ರೀಶಿಯನ್ನು ಇಂದೇ ನಿಲ್ಲಿಸಿ. ವಾರ್ಫರಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಏಕೆಂದರೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೋ ಶ್ವಾಸಕೋಶಕ್ಕೋ ಹೋದರೆ ಅದು ವಸಡಿನ ರಕ್ತಕ್ಕಿಂತ ಬಹಳ ದೊಡ್ಡ ಅಪಾಯ. ಇಂದೇ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಸಮಯ ಹಿಡಿಯುತ್ತದೆ ಎಂದು ತೋರಿಸುವ ಪಿಟಿ-ಐಎನ್‌ಆರ್ ಪರೀಕ್ಷೆ ಮಾಡಿಸಿ, ಫಲಿತಾಂಶದೊಂದಿಗೆ ಕ್ಯಾಪ್ಸೂಲಿನ ಡಬ್ಬಿಯನ್ನೂ ಒಯ್ಯಿರಿ. ಐಎನ್‌ಆರ್ ಸರಿಯಾಗಿದ್ದರೂ ಕ್ಯಾಪ್ಸೂಲಿನ ವಿಷಯ ಹೇಳಲೇಬೇಕು, ಏಕೆಂದರೆ ಪ್ಲೇಟ್‌ಲೆಟ್‌ಗಳ ಮೇಲಿನ ಪರಿಣಾಮ ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಮಲ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ವರದಿಗಾಗಿ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.